ಹೆಸರು ಹೇಳದೆ ಹೋದ ಹಿರಿಯರಿಗೆ ಧನ್ಯವಾದ

ಓಹಾಯೋದ ನಮ್ಮ ಮನೆಗೆ ಬಂದ ಹಳೇ ಪ್ಲೇಯರ್ ಪಿಯಾನೋದ (ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೋ) ಯಂತ್ರ ಬಿಚ್ಚಲು ನನಗೆ ಧೈರ್ಯವೇ ಇರಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ನನ್ನ ಪ್ರಶ್ನೆ ಕೇಳಿಸಿಕೊಂಡ ನೀವು, ಸಂಜೆ ಬಂದೇಬಿಟ್ಟಿರಿ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು, ಆ ಸುರುಳಿ ಹಾದುಹೋಗುವ ಪಟ್ಟಿಯಾದ ಟ್ರ್ಯಾಕರ್ ಬಾರ್‌ನ 88 ತೂತುಗಳಿಂದ ಹೊರಡುವ ಒಂದೊಂದು ಕೊಳವೆಗೂ ನಂಬರ್ ಚೀಟಿ ಕಟ್ಟಿಸಿದಿರಿ. ಕಾಗದದ ಸುರುಳಿಯ ತೂತು ಪಟ್ಟಿಯ ಒಂದು ತೂತಿನ ಮೇಲೆ ಬಂದರೆ ಗಾಳಿ ಒಳಗೆ ನುಗ್ಗುತ್ತದೆ, ಚರ್ಮದ ಪುಟ್ಟ ಪೊರೆ ಉಬ್ಬಿ ವಾಲ್ವ್ ಎತ್ತುತ್ತದೆ, ಒಳಗಿನ ಗಾಳಿ ಹೀರಿಹೋಗಿ ಪುಟಾಣಿ ತಿದಿ ಮುಚ್ಚಿಕೊಂಡು ಆ ಸ್ವರದ ಸುತ್ತಿಗೆಯನ್ನು ಓಡಿಸುತ್ತದೆ. ಪೆಡಲ್ ತುಳಿದರೆ ಗಾಳಿ ಊದುವುದಲ್ಲ, ಹೀರುವುದು! ನಮ್ಮ ಹಾರ್ಮೋನಿಯಂಗೆ ಪೂರ್ತಿ ಉಲ್ಟಾ, ಅಲ್ವಾ?

ತಿದಿಗಳ ರಬ್ಬರ್ ಬಟ್ಟೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅದನ್ನು ಕೀಳಬೇಕು, ಆದರೆ ಮರ ಸೀಳಬಾರದು. ಪ್ರಾಣಿಯ ಚರ್ಮದಿಂದ ಮಾಡಿದ ಹಳೇ ಅಂಟು ಬಿಸಿಗೂ ತೇವಕ್ಕೂ ಸಡಿಲವಾಗುತ್ತದೆ ಎಂದು ನೀವು ತೋರಿಸಿದ್ದೇ ಇಡೀ ಕೆಲಸವನ್ನು ಉಳಿಸಿತು. “ಹೊಸ ಬಟ್ಟೆಗೂ ಅದೇ ಅಂಟು ಹಾಕಿ, ಮುಂದೆ ಬಿಚ್ಚುವವರು ನಿಮ್ಮನ್ನು ಬೈಯಬಾರದು” ಅಂದು ನಕ್ಕಿರಿ. ಇಷ್ಟು ದೂರದ ಯೋಚನೆ ಎಷ್ಟು ಜನಕ್ಕಿರುತ್ತದೆ?

ಕಾಫಿಗೂ ನಿಲ್ಲಲಿಲ್ಲ ನೀವು. ಬಿಚ್ಚಿದ್ದೆಲ್ಲ ಈಗ ನಂಬರ್ ಪ್ರಕಾರ ಡಬ್ಬಿಗಳಲ್ಲಿದೆ, ಬಟ್ಟೆಗೆ ಆರ್ಡರ್ ಕೊಟ್ಟಾಗಿದೆ. ತುಂಬಾ ಥ್ಯಾಂಕ್ಸ್ ಸರ್.