ರಿಪೇರಿ ಆಗುವ ವಸ್ತುವನ್ನು ಕಸಕ್ಕೆ ಹಾಕಿಸಬೇಡಿ: ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ನಮಸ್ಕಾರ.

ಕೊಂಡ ವಸ್ತು ಕೆಟ್ಟರೆ ಅದನ್ನು ರಿಪೇರಿ ಮಾಡಿಸಿಕೊಂಡು ಬಳಸುವ ‘ರಿಪೇರಿ ಹಕ್ಕು’ ಅಂದರೇನು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2022ರ ಜುಲೈನಲ್ಲಿ ಇದಕ್ಕೆಂದೇ ಸಮಿತಿ ಮಾಡಿದ್ದು ನಿಮ್ಮ ಇಲಾಖೆ. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿದ್ದೂ ನಿಮ್ಮ ಇಲಾಖೆಯೇ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಯಾವ ಕಂಪನಿಯೇ ಆಗಲಿ, ವಸ್ತು ಮಾರುವಾಗಲೇ ಅದರ ಸ್ಪೇರ್ ಪಾರ್ಟ್ ಎಷ್ಟು ವರ್ಷ ಸಿಗುತ್ತದೆ ಎಂದು ಬರೆದುಕೊಡಬೇಕು. ಅಷ್ಟೂ ವರ್ಷ ಕೊಡಲೇಬೇಕು. ಕೊಡದಿದ್ದರೆ ದಂಡ ಬೀಳಬೇಕು. ನಾನು ಕೇಳುತ್ತಿರುವುದು ಇದನ್ನೇ.

ಇದನ್ನು ಕೇಳುವುದಕ್ಕೆ ಇಷ್ಟು ಸಿಟ್ಟು ಯಾಕೆ ಅಂತ ಅನ್ನಿಸಬಹುದು. ಹೇಳುತ್ತೇನೆ.

ನಮ್ಮ ಅತ್ತೆ ಹಾಸಿಗೆ ಹಿಡಿದು ಬಹಳ ಕಾಲವಾಯಿತು. ದಿನಾ ಹಾಸಿಗೆ ಬಟ್ಟೆ ಬದಲಾಯಿಸಬೇಕು, ಕೆಲವು ದಿನ ಎರಡೆರಡು ಸಲ. ಇಂಥ ಮನೆಯಲ್ಲಿ ವಾಷಿಂಗ್ ಮಷೀನ್ ಶೋಕಿಗೆ ಇಟ್ಟುಕೊಂಡಿದ್ದಲ್ಲ. ನಮ್ಮದು ಮುಂದೆ ಬಾಗಿಲಿರುವ ಮಷೀನು. ಕೊಂಡು ಆರು ವರ್ಷ ಆಗಿರಲಿಲ್ಲ, ಬಟ್ಟೆ ಹಿಂಡುವಾಗ ಕಲ್ಲು ಅರೆದಂಥ ಸದ್ದು ಶುರುವಾಯಿತು. ಡ್ರಮ್ಮಿನ ಬೇರಿಂಗ್ ಹೋಗಿತ್ತು.

ಬೇರಿಂಗ್ ಏನು ದೊಡ್ಡ ವಸ್ತುವಲ್ಲ. ಬೇರಿಂಗ್ ಅಂಗಡಿಗೆ ಹೋಗಿ ನಂಬರ್ ಹೇಳಿದರೆ ತೆಗೆದುಕೊಡುತ್ತಾರೆ. ಆದರೆ ಕಂಪನಿಯ ಸರ್ವಿಸ್ ಹುಡುಗ ಬಂದು, ಬೇರಿಂಗ್ ಒಂದನ್ನೇ ಬದಲಾಯಿಸಲು ಆಗಲ್ಲ, ಡ್ರಮ್ ಕೂತಿರುವ ಟಬ್ಬನ್ನೇ ಪೂರ್ತಿ ಬದಲಾಯಿಸಬೇಕು ಎಂದ. ಕಾರಣ ಇಷ್ಟೇ. ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಕೂಡಿಸಿರಲಿಲ್ಲ, ಪ್ಲಾಸ್ಟಿಕ್ ಕರಗಿಸಿ ಬೆಸೆದುಬಿಟ್ಟಿದ್ದರು. ಬಿಚ್ಚಲು ಆಗಬಾರದು ಅಂತಲೇ ಮಾಡಿದ ಹಾಗೆ ಇತ್ತು. ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ ಒಬ್ಬರು ಹ್ಯಾಕ್ಸಾ ಬ್ಲೇಡ್ ಹಿಡಿದು ಆ ಬೆಸುಗೆಯನ್ನು ಸುತ್ತಲೂ ಕೊಯ್ದರು. ಹೊಸ ಬೇರಿಂಗ್ ಕೂರಿಸಿ, ಅಂಚಿಗೆ ತೂತು ಕೊರೆದು ಬೋಲ್ಟ್ ಬಿಗಿದು, ಸಿಲಿಕಾನ್ ಹಚ್ಚಿ ಮುಚ್ಚಿದರು. ಒಂದು ತೊಟ್ಟು ನೀರು ಸೋರಲಿಲ್ಲ. ಆ ಕೆಲಸವನ್ನು ಅವರಿಗೆ ಯಾವ ಕಂಪನಿಯೂ ಕಲಿಸಿಲ್ಲ, ಯಾವ ಪುಸ್ತಕವನ್ನೂ ಕೊಟ್ಟಿಲ್ಲ. ಅವರ ಬಗ್ಗೆ ನನಗಿರುವ ಗೌರವ ಯಾವ ಎಂಜಿನಿಯರ್ ಮೇಲಿನ ಗೌರವಕ್ಕೂ ಕಮ್ಮಿಯದಲ್ಲ.

ಮಷೀನು ಮತ್ತೆ ಚೆನ್ನಾಗಿ ನಡೆಯಿತು. ಆಮೇಲೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಯಿತು.

ಬೋರ್ಡಿನ ಮೇಲೆ ರೆಸಿನ್ ಎಂಬ ಅಂಟು ದ್ರವ ಸುರಿದು ಗಟ್ಟಿ ಮಾಡಿರುತ್ತಾರೆ. ನೀರಿನ ಪಸೆ ತಾಗದಿರಲಿ, ಜಿರಲೆ, ಇರುವೆ ಸೇರದಿರಲಿ ಅಂತ. ಆ ಕಾರಣವನ್ನು ಒಪ್ಪುತ್ತೇನೆ. ಆದರೆ ಅದರಡಿ ಕರೆಂಟು ಹಾಕಿ ತೆಗೆಯುವ ಸ್ವಿಚ್ಚಿನಂಥ ಒಂದು ಸಣ್ಣ ರಿಲೇ ಕೆಟ್ಟರೂ ಮೆಕ್ಯಾನಿಕ್ ಕೈಗೆ ಅದು ಸಿಗುವುದಿಲ್ಲ. ಹಾಗೆ ಮುಚ್ಚಿದ ಮೇಲೆ ಹೊಸ ಬೋರ್ಡನ್ನಾದರೂ ಕೊಡಬೇಕಲ್ವಾ? ಸರ್ವಿಸ್ ಸೆಂಟರಿನವರು ಮೊದಲು ಸ್ಟಾಕ್ ಇಲ್ಲ ಎಂದರು. ಆಮೇಲೆ ಆರ್ಡರ್ ಹಾಕಿದ್ದೇವೆ ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ವಾರಗಟ್ಟಲೆ ಕಾದೆ. ಆ ವಾರಗಳಲ್ಲಿ ದಪ್ಪ ದಪ್ಪ ಬೆಡ್‌ಶೀಟು ಕೈಯಲ್ಲೇ ಒಗೆದು, ಹಿಂಡಿ, ಮಹಡಿ ಮೇಲೆ ಒಣಗಿಸಿದೆ. ಮಣಿಕಟ್ಟು ಊದಿಕೊಂಡು ಕೊಡ ಎತ್ತಲೂ ಆಗುತ್ತಿರಲಿಲ್ಲ. ಅದನ್ನು ನೋಡಿ ಅತ್ತೆ, “ಇವತ್ತು ಬೇಡ ಬಿಡಮ್ಮಾ, ಇದೇ ಇರಲಿ” ಅನ್ನುತ್ತಿದ್ದರು, ಒದ್ದೆ ಬಟ್ಟೆಯ ಮೇಲೆ ಮಲಗಿಕೊಂಡೇ. ಒಂದು ಬೋರ್ಡ್ ಸಿಗದ್ದಕ್ಕೆ ಮನೆಯ ಹಿರಿಯರು ಹೀಗೆ ಹೇಳುವ ಸ್ಥಿತಿ ಬರಬೇಕಾ, ಸಚಿವರೇ?

ಕೊನೆಗೆ ಅದೇ ಸರ್ವಿಸ್ ಹುಡುಗ ಬಂದ. “ಈ ಮಾಡೆಲ್ ನಿಂತುಹೋಗಿದೆ ಮೇಡಂ. ಇನ್ನು ಬೋರ್ಡ್ ಬರಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ” ಎಂದ. ಇಷ್ಟು ಹೇಳುವುದಕ್ಕೆ ಬಂದಿದ್ದಕ್ಕೂ ವಿಸಿಟಿಂಗ್ ಚಾರ್ಜ್ ಹಾಕಿ ಬಿಲ್ ಕೊಟ್ಟ. ಬಿಲ್ಲಿನ ಜೊತೆ ಹೊಸ ಮಷೀನಿನ ಜಾಹೀರಾತಿನ ಚೀಟಿ. ಹುಡುಗನ ತಪ್ಪಿಲ್ಲ, ಅವನಿಗೆ ಹಾಗೆ ಹೇಳಿ ಕಳಿಸಿರುತ್ತಾರೆ. ಆದರೆ ಆ ಚೀಟಿ ಕೈಯಲ್ಲಿ ಹಿಡಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮಷೀನನ್ನು ಗುಜರಿಯವರು ಗೇಟಿನ ಹೊರಗೇ ಬಿಚ್ಚಿದರು. ಸ್ಟೀಲ್ ಡ್ರಮ್ಮಿಗೆ ಒಂದು ಕಲೆಯೂ ಇರಲಿಲ್ಲ. ಬಾಗಿಲ ಗಾಜು ಹೊಸದರಂತೆ ಇತ್ತು. ಮೋಟಾರ್ ಸರಿಯಾಗಿಯೇ ಇತ್ತು, ಅದನ್ನು ತಾಮ್ರಕ್ಕಾಗಿ ಒಡೆದರು. ನಾವು ಹಾಕಿಸಿದ ಬೇರಿಂಗೂ ಹೋಯಿತು. ಮಷೀನು ತಿರುಗುವಾಗ ಅಲ್ಲಾಡದಿರಲಿ ಎಂದು ಒಳಗೆ ಕಾಂಕ್ರೀಟಿನ ದಪ್ಪ ಗಟ್ಟಿ ಇಟ್ಟಿರುತ್ತಾರೆ. ಅದಕ್ಕೆ ಬೆಲೆಯಿಲ್ಲ ಎಂದು ಅಲ್ಲೇ ಬಿಟ್ಟುಹೋದರು. ಕೊಯ್ದು ಕೂಡಿಸಿದ್ದ ಪ್ಲಾಸ್ಟಿಕ್ ಟಬ್ಬನ್ನೂ ಬಿಟ್ಟರು. ಕೆಟ್ಟಿದ್ದು ಅಂಗೈಯಗಲದ ಬೋರ್ಡ್ ಮಾತ್ರ. ಬಿಸಾಡಿದ್ದು ಇಬ್ಬರು ಸೇರಿ ಎತ್ತಬೇಕಾದ ಮಷೀನು.

ಇದು ನಮ್ಮ ಒಂದು ಮನೆಯ ಗೋಳಲ್ಲ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು. ಸರಿಯಾದ ರೀತಿಯಲ್ಲಿ ಸಂಗ್ರಹಿಸಿ ಮರುಬಳಕೆ ಮಾಡಿದ್ದು ಅದರಲ್ಲಿ ಶೇ 22.3 ಮಾತ್ರ. ನಮ್ಮಲ್ಲಿ ಇದಕ್ಕೆ ನಿಯಮ ಇಲ್ಲ ಅಂತಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕಂಪನಿಗಳಿಗೆ ಮೊದಲ ಎರಡು ವರ್ಷ ಶೇ 60, ಮುಂದಿನ ಎರಡು ವರ್ಷ ಶೇ 70, 2027-28ರಿಂದ ಶೇ 80 ಮರುಬಳಕೆಯ ಗುರಿ ಹಾಕಿದ್ದಾರೆ. ಒಳ್ಳೆಯದೇ. ಆದರೆ ಅದು ಮಷೀನು ಸತ್ತ ಮೇಲಿನ ಲೆಕ್ಕ. ಒಡೆದು ಕರಗಿಸಿದರೆ ತಾಮ್ರ, ಕಬ್ಬಿಣ ಒಂದಿಷ್ಟು ಸಿಗಬಹುದು. ಆ ಮೋಟಾರ್ ಸುತ್ತಿದ ಶ್ರಮ, ಆ ಡ್ರಮ್ ಮಾಡಲು ಸುಟ್ಟ ಇಂಧನ ವಾಪಸ್ ಬರುತ್ತದಾ? ವಸ್ತುವನ್ನು ಬಿಸಾಡದೆ ಮತ್ತೆ ಮತ್ತೆ ಬಳಕೆಗೆ ತರುವುದನ್ನು ಸರ್ಕ್ಯುಲರ್ ಎಕಾನಮಿ ಎಂದು ವೇದಿಕೆ ಮೇಲೆ ಹೇಳುವಾಗ, ಕರಗಿಸುವುದಕ್ಕಿಂತ ಮೊದಲು ರಿಪೇರಿ ಬರಬೇಕು ಎನ್ನುವುದು ನಿಮಗೆ ಗೊತ್ತೇ ಇದೆ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮಾವೇಶದಲ್ಲಿ ಪ್ರಧಾನಿಯವರು ‘ಲೈಫ್’, ಅಂದರೆ ಪರಿಸರಕ್ಕೆ ಹೊಂದುವ ಜೀವನಶೈಲಿ, ಎಂದು ಹೇಳಿ, ಕಂಡದ್ದೆಲ್ಲ ಕೊಂಡು ಹಾಳು ಮಾಡಬೇಡಿ, ಯೋಚಿಸಿ ಬಳಸಿ ಎಂದರು. ನಾವು ಯೋಚಿಸಿಯೇ ಬಳಸುತ್ತಿದ್ದೆವು. ಬಳಸಲು ಬೋರ್ಡ್ ಕೊಡಲಿಲ್ಲ.

ಕಂಪನಿಗಳಿಗೆ ಇದು ಆಗದ ಕೆಲಸ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಷೀನಿಗೆ ನಿಯಮವಿದೆ. ಒಂದು ಮಾಡೆಲ್ಲಿನ ಮಾರಾಟ ನಿಂತ ಮೇಲೂ 10 ವರ್ಷ ಮುಖ್ಯ ಸ್ಪೇರ್ ಪಾರ್ಟ್ ಕೊಡಬೇಕು. ಕೇಳಿದ 15 ಕೆಲಸದ ದಿನಗಳೊಳಗೆ ತಲುಪಿಸಬೇಕು. ಬೇರಿಂಗ್, ಬೋರ್ಡ್ ಎರಡೂ ಆ ಪಟ್ಟಿಯಲ್ಲಿವೆ. ಇಲ್ಲಿ ಮಾರುವ ಕಂಪನಿಗಳಲ್ಲಿ ಹಲವು ಅಲ್ಲೂ ಮಾರುತ್ತವೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗುವುದಿಲ್ಲ? ನಮ್ಮ ಕಾನೂನು ಕಂಪನಿಗಳಿಂದ ಅದನ್ನು ಕೇಳುವುದಿಲ್ಲ, ಅದಕ್ಕೇ ಆಗುವುದಿಲ್ಲ.

ನಿಮ್ಮ ಪೋರ್ಟಲ್ಲಿನಲ್ಲಿ ಕಂಪನಿಗಳ ಕಸ್ಟಮರ್ ಕೇರ್, ವಾರಂಟಿ ವಿವರ, ಮ್ಯಾನುಯಲ್ ಸಿಗುತ್ತವೆ. ಆದರೆ ಅದಕ್ಕೆ ಸೇರುವುದು ಕಂಪನಿಯ ಇಷ್ಟ. ಫೋನ್ ನಂಬರ್ ಹುಡುಕುವುದು ನನ್ನ ತೊಂದರೆ ಆಗಿರಲಿಲ್ಲ. ನಂಬರ್ ಬಿಲ್ಲಿನ ಮೇಲೇ ಇತ್ತು. ಆ ಕಡೆ ಎತ್ತಿದವರು ‘ಇಲ್ಲ’ ಎನ್ನದಂತೆ ಕಟ್ಟುಪಾಡು ಬೇಕು. ರಿಪೇರಿಗೆ ಎಷ್ಟು ಸುಲಭ ಎಂದು ವಸ್ತುಗಳಿಗೆ ಅಂಕ ಕೊಡುವ ವಿಷಯದಲ್ಲೂ ನಿಮ್ಮ ಇಲಾಖೆಯ ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ಫ್ರಾನ್ಸ್‌ನಲ್ಲಿ 2021ರಿಂದಲೇ 10ಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಅಂಕ ಕೊಡಿ, ಬೇಡ ಅನ್ನುವುದಿಲ್ಲ. ಕೊಳ್ಳುವವರಿಗೆ ಅದರಿಂದ ಉಪಯೋಗ ಇದೆ. ಆದರೆ ಅಂಕ ಹಾಕಿಕೊಂಡು ಮಷೀನು ತಿರುಗುವುದಿಲ್ಲ. ಸ್ಪೇರ್ ಪಾರ್ಟ್ ಕಡ್ಡಾಯ ಮಾಡಿ.

ಇನ್ನೊಂದು ಮಾತು. ಆ ಪಾರ್ಟ್ ಕಂಪನಿಯ ಸರ್ವಿಸ್ ಸೆಂಟರಿಗೆ ಮಾತ್ರ ಸಿಕ್ಕರೆ ಸಾಲದು. ಬೀದಿಯ ಮೆಕ್ಯಾನಿಕ್ ಕೇಳಿದರೂ ಕೊಡಬೇಕು, ಸರ್ಕ್ಯೂಟಿನ ನಕ್ಷೆಯನ್ನೂ ಕೊಡಬೇಕು. ಸರ್ವಿಸ್ ಸೆಂಟರ್ ಇಲ್ಲದ ಊರುಗಳೇ ಜಾಸ್ತಿ. ಅಲ್ಲೆಲ್ಲ ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟು ಕಸಕ್ಕೆ ಹೋಗದಂತೆ ಉಳಿಸುತ್ತಿರುವವರು ಈ ಮೆಕ್ಯಾನಿಕ್‌ಗಳೇ. ಹಾಗೆಯೇ, ಹೊಸ ವಾಷಿಂಗ್ ಮಷೀನಿಗೂ ಶೇ 18 ಜಿಎಸ್‌ಟಿ, ಹಳೆಯದರ ರಿಪೇರಿ ಕೂಲಿಗೂ ಶೇ 18. ಉಳಿಸಿಕೊಳ್ಳುವವರಿಗೂ ಬಿಸಾಡುವವರಿಗೂ ಒಂದೇ ತೆರಿಗೆಯಾದರೆ ಉಳಿಸಿ ಎಂದು ಯಾವ ಬಾಯಲ್ಲಿ ಹೇಳುವುದು? ಇದು ನಿಮ್ಮ ಇಲಾಖೆಗೆ ಬರುವುದಿಲ್ಲ, ಗೊತ್ತು. ಆದರೆ ಹಣಕಾಸು ಸಚಿವರ ಜೊತೆ ಕೂತು ಮಾತಾಡಲು ನನಗೆ ಆಗದು, ನಿಮಗೆ ಆಗುತ್ತದೆ.

ನಾವು ಹೊಸ ಮಷೀನು ಕೊಂಡೆವು. ಬೇರೆ ದಾರಿ ಇರಲಿಲ್ಲ. ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, “ಇದರ ಬೋರ್ಡ್ ಎಷ್ಟು ವರ್ಷ ಸಿಗುತ್ತೆ?” ಸೇಲ್ಸ್‌ಮನ್‌ಗೆ ಗೊತ್ತಿರಲಿಲ್ಲ. ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಎಷ್ಟು ಸ್ಟಾರ್, ಎಷ್ಟು ಕರೆಂಟ್ ಎಂದೆಲ್ಲ ಬರೆದಿತ್ತು. ಇದೊಂದೇ ಬರೆದಿರಲಿಲ್ಲ. ಸ್ಟಾರ್ ಬರೆಸಲು ಸರ್ಕಾರಕ್ಕೆ ಆಗುತ್ತದೆ ಅಂದರೆ ಇದನ್ನು ಬರೆಸಲೂ ಆಗುತ್ತದೆ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಸ್ಪೇರ್ ಪಾರ್ಟ್ ಎಷ್ಟು ವರ್ಷ ಸಿಗುತ್ತದೆ ಎಂದು ಡಬ್ಬಿಯ ಮೇಲೆ ಬರೆಸಿ. ಅಷ್ಟೂ ವರ್ಷ ಕೊಡಿಸಿ. ಕೊಡದವರಿಗೆ ದಂಡ ಹಾಕಿ. ಸಮಿತಿ ಆಯಿತು, ಪೋರ್ಟಲ್ ಆಯಿತು, ವರದಿಯೂ ಆಯಿತು. ಈ ಪತ್ರಕ್ಕೆ ಉತ್ತರ ಬರೆಸುವುದಾದರೆ ಪೋರ್ಟಲ್ಲಿನ ವಿಳಾಸ ಕಳಿಸಬೇಡಿ. ನಿಯಮ ಯಾವ ತಿಂಗಳು ಹೊರಬೀಳುತ್ತದೆ ಎಂದು ಬರೆಸಿ.

ಇಂತಿ,
ಒಬ್ಬ ಗ್ರಾಹಕಿ