ರೇಣುಕಾಗೆ, ಎಲೆ ಕಳಿಸುವ ಮೊದಲು

ಕೊಪ್ಪಳ

ಚಿರಂಜೀವಿ ರೇಣುಕಾಗೆ ನಿನ್ನ ಸೋದರಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿಮ್ಮ ಅತ್ತೆಯ ಮೊಣಕಾಲು ನೋವು ಸ್ವಲ್ಪ ಇಳಿದಿದೆ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ಮಾವಾ, ಅಸಲಿ ಸಂಶೋಧನೆ ಎಲ್ಲಾ ಹೈದರಾಬಾದಿನ ಲ್ಯಾಬಿನಲ್ಲೇ ನಡೆಯುತ್ತೆ, ನಾನು ಇಲ್ಲಿ ರಾಯಚೂರಿನಲ್ಲಿ ಕಡ್ಲಿ ಬೆಳೆದು ಎಲೆ ಕಿತ್ತು ಕಳಿಸೋಳು ಅಷ್ಟೇ" ಅಂದೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು ಆಗ ಏನೂ ಹೇಳಲು ಆಗಲಿಲ್ಲ. ಪಿಎಚ್‌ಡಿಯ ಮೊದಲ ವರ್ಷದಲ್ಲೇ ಈ ಮಾತು ತಲೆಯಲ್ಲಿ ಕೂತರೆ ಮುಂದಿನ ನಾಲ್ಕು ವರ್ಷ ನೀನು ನಿನ್ನ ಕೆಲಸವನ್ನೇ ಕೀಳಾಗಿ ನೋಡುತ್ತೀಯ, ಅದಕ್ಕೇ ಪತ್ರ ಬರೆಯಲು ಕೂತೆ.

ನಿನ್ನದೇ ವಿಶ್ವವಿದ್ಯಾಲಯದಲ್ಲಿ ಆದ ಕೆಲಸ ನೋಡು. ಪಂಪನ ಹುಟ್ಟೂರು ಅನ್ನುವ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ಕಡ್ಲಿಯನ್ನು ನಮ್ಮ ಎರೆ ಭೂಮಿಯವರು 40 ವರ್ಷ ಬಿತ್ತಿದರು. ರುಚಿ ಚೆನ್ನ, ಬೇಗ ಬರುತ್ತೆ, ಆದರೆ ಸಿಡಿ, ಅಂದರೆ ಸೊರಗು ರೋಗ, ಹಾಯಿತು ಅಂದರೆ ಮುಗಿಯಿತು, ಇವತ್ತು ಹಸಿರಾಗಿದ್ದ ಗಿಡ ವಾರದಲ್ಲಿ ಸೊರಗಿ ನಿಲ್ಲುತ್ತೆ. ರೋಗ ಮಣ್ಣಿನಲ್ಲೇ ಇರುವ ಫ್ಯುಸೇರಿಯಂ ಶಿಲೀಂಧ್ರದ್ದು, ವರ್ಷಗಟ್ಟಲೆ ಅಲ್ಲೇ ಬದುಕಿರುತ್ತೆ, ಔಷಧಿ ಹೊಡೆದು ಹೋಗಲಾಡಿಸಲು ಆಗುವುದಿಲ್ಲ. ಆಗ ರಾಯಚೂರಿನವರೂ ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರೂ ಸೇರಿ, ಡಬ್ಲ್ಯೂಆರ್-315 ಅನ್ನುವ ತಳಿಯಲ್ಲಿದ್ದ ರೋಗ ತಡೆಯುವ ಗುಣವನ್ನು ಮಾರ್ಕರ್ ಹಿಡಿದು ಅಣ್ಣಿಗೇರಿಗೆ ತಂದರು. 2019ರಲ್ಲಿ ಅದು ಸೂಪರ್ ಅಣ್ಣಿಗೇರಿ-1 ಅಂತ ಹೊರಬಂತು.

ಈಗ ಹೇಳು, ಡಬ್ಲ್ಯೂಆರ್-315 ಸಿಡಿಗೆ ಬಗ್ಗುವುದಿಲ್ಲ ಅಂತ ಯಾವ ಯಂತ್ರ ಹೇಳಿತು? ಯಾವ ಯಂತ್ರವೂ ಅಲ್ಲ. ರೋಗ ತುಂಬಿದ ಮಣ್ಣಿನ ಸಿಕ್ ಪ್ಲಾಟಿನಲ್ಲಿ ಬಿತ್ತಿ, ನಡುನಡುವೆ ಸಿಡಿಗೆ ಬೇಗ ಬೀಳುವ ಜೆಜಿ-62 ಅನ್ನುವ ತಳಿಯ ಸಾಲು ಹಾಕಿ, ಆ ಜೆಜಿ-62 ಎಲ್ಲಾ ಸತ್ತು ಬಿದ್ದ ಮೇಲೂ ನಿಂತಿದ್ದ ಗಿಡಗಳನ್ನು ಯಾರೋ ಬಿಸಿಲಿನಲ್ಲಿ ಬಗ್ಗಿ ಎಣಿಸಿದ್ದರಿಂದ ಗೊತ್ತಾಯಿತು. ಮಾರ್ಕರ್ ಅಂದರೆ ಡಿಎನ್‌ಎ ಮೇಲಿನ ಗುರುತು ಅಷ್ಟೇ. ಅದು ಯಾವ ಗುಣದ ಗುರುತು ಅಂತ ಹೇಳುವುದು ನಿನ್ನ ಹೊಲದ ಪುಸ್ತಕ. ನೀನು ಒಂದು ಗಿಡಕ್ಕೆ ತಪ್ಪು ಅಂಕಿ ಬರೆದರೆ ಎಷ್ಟೇ ದುಬಾರಿ ಯಂತ್ರವಾದರೂ ಆ ತಪ್ಪನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತೆ. ಹಾಗಂತ ಲ್ಯಾಬನ್ನು ಸಣ್ಣದು ಮಾಡುತ್ತಿಲ್ಲ. ಸಂಕರದ ಗಿಡವನ್ನು ಮತ್ತೆ ಮತ್ತೆ ಹಳೇ ತಳಿಗೇ ಮರುಸಂಕರ ಮಾಡುತ್ತಾ ಹೋದರೆ ಮೊದಲ ಸಲಕ್ಕೆ ಹಳೇ ತಳಿಯ ಪಾಲು ಸರಾಸರಿ 75, ಎರಡನೇ ಸಲಕ್ಕೆ 87.5, ಮೂರನೇ ಸಲಕ್ಕೆ 93.75 ಪ್ರತಿಶತ ಬರುತ್ತೆ, ನಾವೆಲ್ಲ ಆರೇಳು ತಲೆಮಾರು ಕಾಯುತ್ತಿದ್ದೆವು. ಈಗ ಪ್ರತಿ ಗಿಡದ ಎಲೆಯ ಡಿಎನ್‌ಎ ನೋಡಿ ಅಣ್ಣಿಗೇರಿ ಅಂಶ ಜಾಸ್ತಿ ಇರುವುದನ್ನೇ ಆರಿಸಿದರೆ ಎರಡು ಮೂರು ಸಲಕ್ಕೆ ಕೆಲಸ ಆಗುತ್ತೆ. ಅವರು ನಿನ್ನ ವರ್ಷಗಳನ್ನು ಉಳಿಸುತ್ತಾರೆ, ನೀನು ಅವರ ಅಂಕಿಗೆ ಅರ್ಥ ಕೊಡುತ್ತೀಯ. ಇಬ್ಬರೂ ಸಮ ಅಂತ ತಿಳಿದೇ ಆ ಲ್ಯಾಬಿನೊಳಗೆ ಕಾಲಿಡು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ಎಲೆಯಾಗಲಿ ಬೀಜವಾಗಲಿ ಕಳಿಸುವ ಮೊದಲು ಕಾಗದ ಮಾಡಿಸಿಕೋ. ಇದನ್ನು ನಾನು ಪೆಟ್ಟು ತಿಂದು ಕಲಿತೆ, ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ. ನೌಕರಿಗೆ ಸೇರಿ ಹತ್ತು ವರ್ಷ ಆಗಿರಬೇಕು. ಬೇರೊಂದು ವಿಶ್ವವಿದ್ಯಾಲಯದಲ್ಲಿದ್ದ ನನ್ನ ಓದಿನ ಕಾಲದ ಗೆಳೆಯ ಹಿಂಗಾರಿ ಜೋಳದ ಸಾಲುಗಳನ್ನು, ಅಂದರೆ ತಳಿ ಮಾಡಲು ಆರಿಸಿಟ್ಟ ಬೀಜಗಳನ್ನು, ಕೇಳಿದ. ಜಂಟಿಯಾಗಿ ಮಾಡೋಣ ಅಂದ. ನಾನು, ನಮ್ಮ ಕ್ಷೇತ್ರ ಸಹಾಯಕರು ಐದು ವರ್ಷ ಸವೆಸಿ ಆರಿಸಿದ 60 ಸಾಲುಗಳ ಬೀಜವನ್ನು ಬಟ್ಟೆ ಚೀಲದಲ್ಲಿ ಹಾಕಿ, ಜೊತೆಗೆ ಬರೆದಿಟ್ಟ ಅಂಕಿಗಳ ನಕಲೂ ಕೊಟ್ಟು, ಕೈಯಾರೆ ಬಸ್ಸಿಗೆ ಹಾಕಿ ಬಂದೆ. ಗೆಳೆಯನ ಹತ್ತಿರ ಕಾಗದ ಎಂಥದು ಅಂತ ಸುಮ್ನೆ ಇದ್ದೆ. ಮೂರು ವರ್ಷ ಆದ ಮೇಲೆ ಪೇಪರ್ ಬಂತು, ಅದರಲ್ಲಿ ನಮ್ಮ ಅಂಕಿಗಳಿದ್ದವು, ನಮ್ಮ ಯಾರ ಹೆಸರೂ ಇರಲಿಲ್ಲ. ನನ್ನ ಹೆಸರು ಹೋದದ್ದಕ್ಕಿಂತ ಆ ಕ್ಷೇತ್ರ ಸಹಾಯಕರ ಮುಖ ನೋಡುವುದು ಕಷ್ಟವಾಯಿತು, ಅವರು ಒಂದು ಮಾತೂ ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ದಾರಿಯಲ್ಲೋ ಅವರ ಕೋಣೆಯಲ್ಲೋ ಎರಡು ಸಾಲಿನ ನಂಬರು ಅದಲುಬದಲಾಗಿತ್ತು, ಬರ ತಡೆಯುತ್ತೆ ಅಂತ ಅವರು ಬರೆದ ಸಾಲು ನಮ್ಮ ಹೊಲದಲ್ಲಿ ಮೊದಲು ಒಣಗುತ್ತಿದ್ದದ್ದು. ಸರಿಮಾಡಲು ಯಾರ ಹತ್ತಿರವೂ ಲೆಕ್ಕ ಇರಲಿಲ್ಲ. ಐದು ವರ್ಷದ ದುಡಿಮೆಯೂ ಹೋಯಿತು, ಗೆಳೆತನವೂ ಹೋಯಿತು. ತಪ್ಪು ಅವನದೊಂದೇ ಅಲ್ಲ. ಕೇಳದೇ ಕೊಟ್ಟವನು ನಾನು.

ಆದ್ದರಿಂದ ನಿಮ್ಮ ಗೈಡ್ ಹತ್ತಿರ ಕೂತು ಕೇಳು, ಎರಡು ಸಂಸ್ಥೆಗಳ ನಡುವಿನ ಎಂಒಯು ಆಗಿದೆಯಾ ಅಂತ ಅಷ್ಟೇ ಅಲ್ಲ. ಎಂಒಯು ಅಂದರೆ ಕುಲಪತಿಗಳು ಸಹಿ ಹಾಕಿ ಫೋಟೋ ತೆಗೆಸಿಕೊಳ್ಳುವ ಕಾಗದ, ಅದರಲ್ಲಿ ನಿನ್ನ ಕಡ್ಲಿ ಸಾಲಿನ ಮಾತು ಇರುವುದಿಲ್ಲ. ಬೀಜ ಕೊಡುವಾಗ ಮಾಡುವ ಒಪ್ಪಂದ ಬೇರೆ. ಯಾವ ಬೀಜ, ಎಷ್ಟು, ಯಾವ ಕೆಲಸಕ್ಕೆ, ಮೂರನೆಯವರಿಗೆ ಕೊಡಬಹುದಾ, ತಳಿ ಹೊರಬಂದರೆ ಹಕ್ಕು ಯಾರದು, ಪೇಪರಿನಲ್ಲಿ ಯಾರ ಹೆಸರು, ಅಂಕಿ ಯಾರ ಹತ್ತಿರ ಉಳಿಯುತ್ತೆ, ಎಲ್ಲಾ ಅದರಲ್ಲಿರಬೇಕು. ಕೇಳಲು ಸಂಕೋಚ ಪಡಬೇಡ. ಒಳ್ಳೆಯ ಮನಸ್ಸಿನವರು ಇದರಿಂದ ಬೇಜಾರು ಮಾಡಿಕೊಳ್ಳುವುದಿಲ್ಲ, ನಿನ್ನ ಮೇಲಿನ ಗೌರವ ಜಾಸ್ತಿಯೇ ಆಗುತ್ತೆ.

ನಿಮ್ಮ ಪ್ರಾಜೆಕ್ಟಿನಲ್ಲಿ ಹೊರದೇಶದ ವಿಶ್ವವಿದ್ಯಾಲಯವೂ ಇದೆ ಅಂದೆ, ಅಲ್ಲಿ ಇನ್ನೂ ಜೋಪಾನ. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ. ಸರ್ಕಾರದ ಒಪ್ಪಿಗೆ ಇರುವ ಜಂಟಿ ಸಂಶೋಧನೆಗೆ ಅದರಲ್ಲಿ ಸಡಿಲಿಕೆ ಇದೆ, ಆದರೆ ನಿಮ್ಮ ಪ್ರಾಜೆಕ್ಟು ಅದರೊಳಗೆ ಬರುತ್ತಾ ಅಂತ ಗೈಡ್‌ರಿಂದ ಖಚಿತ ಮಾಡಿಕೊಳ್ಳದೆ ಒಂದು ಕಾಳನ್ನೂ ಪೋಸ್ಟಿಗೆ ಹಾಕಬೇಡ. ರೈತರ ಮನೆಯಿಂದ ಹಳೇ ಬೀಜ ತಂದಿದ್ದರೆ ಊರು, ಮನೆತನದ ಹೆಸರು, ದಿನಾಂಕ ಬರೆದಿಡು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಬೀಜ ಕಾಪಾಡಿದ ರೈತನಿಗೂ ಪಾಲು ಕೊಡುತ್ತೆ, ಆದರೆ ಆ ರೈತ ಯಾರು ಅಂತ ನಿನ್ನ ಪುಸ್ತಕದಲ್ಲಿ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು?

ಗಂಗಾವತಿ, ಸಿಂಧನೂರು ಕಡೆ ಗದ್ದೆಯಲ್ಲಿ ಬಿಪಿಟಿ ಭತ್ತ, ಅಂದರೆ ಸಾಂಬಾ ಮಸೂರಿ, ನೋಡಿದ್ದೀಯಲ್ಲ. ಅದಕ್ಕೆ ದುಂಡಾಣು ಎಲೆ ಅಂಗಮಾರಿ ಬಂದರೆ ಎಲೆ ತುದಿಯಿಂದ ಒಣಗುತ್ತಾ ಬರುತ್ತೆ. ಆ ರೋಗ ತಡೆಯುವ ಎಕ್ಸ್ಎ-21 ಜೀನ್ ಸಿಕ್ಕಿದ್ದು ಆಫ್ರಿಕಾದ ಮಾಲಿಯ ಒಂದು ಕಾಡುಭತ್ತದಲ್ಲಿ. 1995ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಬೇರ್ಪಡಿಸಿದರು. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಸ್ಥೆ ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದವರು ಸೇರಿ ಅದನ್ನೂ ಇನ್ನೆರಡು ಜೀನ್‌ಗಳನ್ನೂ ಬಿಪಿಟಿಗೆ ತಂದು, 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಿಡುಗಡೆಯಾಯಿತು. ನೋಡು, ಒಂದು ಗುಣ ನಮ್ಮ ತಟ್ಟೆಗೆ ಬರಲು ಎಷ್ಟು ಕೈ ದಾಟಿತು. ಮಾಲಿಯವರಿಗೆ ಏನು ಕೊಟ್ಟೆವು ಅನ್ನುವ ಪ್ರಶ್ನೆ ಡೇವಿಸ್‌ನವರಿಗೇ ಕಾಡಿ, ಬೀಜ ಬಂದ ದೇಶದ ವಿದ್ಯಾರ್ಥಿಗಳ ಓದಿಗೆ ಅಂತ ಒಂದು ನಿಧಿ ಮಾಡಿದರು. ನನಗೆ ಆ ಜೀನ್‌ಗಿಂತ ಆ ಪ್ರಶ್ನೆ ದೊಡ್ಡದಾಗಿ ಕಾಣುತ್ತೆ.

ಸಣ್ಣ ಮಾತುಗಳು ಒಂದೆರಡು. ಗಿಡದ ಚೀಟಿಗೆ ಪೆನ್ಸಿಲ್ ಬಳಸು, ಪೆನ್ನಿನ ಶಾಯಿ ಬಿಸಿಲಿಗೂ ಇಬ್ಬನಿಗೂ ಹೋಗುತ್ತೆ. ಎಲೆ ಕಿತ್ತ ಗಿಡದ ನಂಬರನ್ನು ಎಲೆ ಹಾಕಿದ ಚೀಲದ ಮೇಲೂ ಪುಸ್ತಕದಲ್ಲೂ ಅಲ್ಲೇ ನಿಂತು ಬರಿ, ಕೋಣೆಗೆ ಬಂದು ಬರೆಯೋಣ ಅನ್ನಬೇಡ. ಎಲ್ಲಾ ಸಾಲಿನ ಬೀಜ ಒಂದು ಪಾಲು ರಾಯಚೂರಿನಲ್ಲೇ ಉಳಿಯಲಿ.

ಮತ್ತೆ ಕ್ರಾಸಿಂಗ್ ಮಾಡುವ ಆ ಹೆಣ್ಣುಮಕ್ಕಳು. ಕಡ್ಲಿ ಹೂವು ಎಷ್ಟು ಸಣ್ಣದು ನಿನಗೇ ಗೊತ್ತು, ಮೊಗ್ಗಿನಲ್ಲೇ ಬಿಡಿಸಿ ಪರಾಗದ ಚೀಲಗಳನ್ನು ಕಿತ್ತು ಬೇರೆ ಹೂವಿನ ಪರಾಗ ಸವರಬೇಕು, ಅಷ್ಟು ಮಾಡಿದರೂ ಕಾಯಿ ಕಚ್ಚುವುದು ಕೆಲವೇ. ಆ ಬೆರಳಿನ ಹದ ಯಾವ ಡಿಗ್ರಿಯಲ್ಲೂ ಬರುವುದಿಲ್ಲ. ಅವರ ಹತ್ತಿರ ಕೂತು ಕಲಿ. ಯಾವ ಸಾಲನ್ನು ಯಾರು ಕ್ರಾಸ್ ಮಾಡಿದರು ಅಂತ ಪುಸ್ತಕದಲ್ಲಿ ಬರಿ, ನಿನ್ನ ಪ್ರಬಂಧದ ಕೃತಜ್ಞತೆಯಲ್ಲಿ "ಕೂಲಿಯವರು" ಅಂತ ಒಟ್ಟಿಗೆ ಸೇರಿಸಿಬಿಡಬೇಡ, ಹೆಸರು ಹಾಕು.

ಹೈದರಾಬಾದಿಗೆ ಹೋದರೆ ಮೂರು ತಿಂಗಳಾದರೂ ಇದ್ದು ಡಿಎನ್‌ಎ ತೆಗೆಯುವುದರಿಂದ ಹಿಡಿದು ಅಂಕಿ ಬಿಡಿಸುವ ತನಕ ನಿನ್ನ ಕೈಯಿಂದಲೇ ಮಾಡು. ಖರ್ಚಿನ ಚಿಂತೆ ಬೇಡ, ನಾನಿದ್ದೇನೆ. ಅಲ್ಲಿಯ ಹುಡುಗರನ್ನೂ ಒಮ್ಮೆ ರಾಯಚೂರಿಗೆ ಕರೆದು ಸಿಕ್ ಪ್ಲಾಟಿನಲ್ಲಿ ನಿಲ್ಲಿಸು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಬರುತ್ತೀಯಲ್ಲ, ಬರುವಾಗ ಹೊಲದ ಪುಸ್ತಕ ತಾ. ಒಪ್ಪಂದದ ಕರಡು ಸಿಕ್ಕರೆ ಅದನ್ನೂ ತಾ, ಊಟ ಆದ ಮೇಲೆ ಬೇವಿನ ಗಿಡದ ಕೆಳಗೆ ಕೂತು ಇಬ್ಬರೂ ಒಂದೊಂದೇ ಸಾಲು ಓದೋಣ. ಜೆಜಿ-62 ಯಾವತ್ತು ಸೊರಗಲು ಶುರುಮಾಡಿತು ಅಂತ ಮಾತ್ರ ಅಷ್ಟರೊಳಗೇ ಫೋನ್ ಮಾಡಿ ಹೇಳು, ನಾನು ಕಾಯುತ್ತಿರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ