‘ಕೆಟ್ಟ’ ಸಿನಿಮಾ ಇಷ್ಟವೆನ್ನಲು ಸಂಕೋಚವೇಕೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ, ಗೆಳೆಯರೊಂದಿಗೆ ಕೂತು ಗೇಲಿ ಮಾಡುತ್ತಾ ನೋಡಬಹುದಾದ ಹಳೆಯ ಸಿನಿಮಾಗಳ ಪಟ್ಟಿ ಬಂದಿತ್ತು. ಪಟ್ಟಿಯ ಬಗ್ಗೆ ತಕರಾರಿಲ್ಲ. ಅದರಲ್ಲಿ ಹೆಚ್ಚಿನವು ನನಗೆ ಅಚ್ಚುಮೆಚ್ಚು. ತಕರಾರು ಇರುವುದು ಧೋರಣೆಯ ಬಗ್ಗೆ. ರಬ್ಬರ್ ರಾಕ್ಷಸ, ದಾರಕ್ಕೆ ನೇತುಬಿದ್ದ ಹಾರುವ ತಟ್ಟೆ, ಕಣ್ಣು ಕುಕ್ಕುವ ಉಡುಪು, ಮುಗಿಲು ಮುಟ್ಟುವ ಅಭಿನಯ ಇವನ್ನೆಲ್ಲ ಇಷ್ಟಪಡುವವರು ‘ಸುಮ್ಮನೆ ತಮಾಷೆಗೆ ನೋಡಿದ್ದು’ ಎಂದು ಮೊದಲೇ ಜಾಮೀನು ಪಡೆದುಕೊಳ್ಳಬೇಕೇ?

1954ರ ಜಪಾನಿ ‘ಗಾಡ್ಜಿಲ್ಲಾ’ ನಿಮ್ಮ ಪಟ್ಟಿಯಲ್ಲಿದ್ದದ್ದು ನೋಡಿ ನಿಜಕ್ಕೂ ಬೇಸರವಾಯಿತು. ವೇಷದೊಳಗೆ ಮನುಷ್ಯನಿದ್ದಾನೆಂದು ಮಕ್ಕಳಿಗೂ ಗೊತ್ತಾಗುತ್ತದೆ, ಸರಿ. ಆ ಮನುಷ್ಯ ಹರುವೊ ನಕಾಜಿಮ. ಸುಮಾರು 100 ಕಿಲೋ ತೂಕದ ವೇಷ ಹೊತ್ತು, ದೀಪಗಳ ಬೇಗೆಯಲ್ಲಿ ಬೆಂದು ಹೆಜ್ಜೆ ಹಾಕಿದವರು. ದೈತ್ಯ ಪ್ರಾಣಿ ಹೇಗೆ ನಡೆಯಬೇಕೆಂದು ತಿಳಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಂತವರು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣಕ್ಕೆ ಜಪಾನಿನ ಮೀನುಗಾರರು ಸಿಕ್ಕಿದ್ದರು. ಹಿರೋಶಿಮಾ ನಡೆದು ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ರಬ್ಬರನ್ನು ನೋಡಿ ನಗುವುದರಲ್ಲೇ ಮುಳುಗಿದವರಿಗೆ ಅದೇ ಭಯದಿಂದ ಹುಟ್ಟಿದ ಆ ಸಿನಿಮಾದಲ್ಲಿ ಗಾಯಾಳುಗಳಿಂದ ತುಂಬಿದ ಆಸ್ಪತ್ರೆ ಕಾಣಿಸುವುದೇ ಇಲ್ಲ.

ಇನ್ನು ಅಮೆರಿಕದ ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. ನಟ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಅವರನ್ನು ಮುಂಚೆ ಚಿತ್ರೀಕರಿಸಿದ್ದ ಕೆಲವೇ ತುಣುಕುಗಳು ವುಡ್ ಬಳಿ ಇದ್ದವು. ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಯ ಬೆನ್ನು, ಕೀಲು ನೀವಿ ಸರಿಪಡಿಸುತ್ತಿದ್ದ ಕೈರೋಪ್ರಾಕ್ಟರ್‌ನನ್ನೇ ಕರೆತಂದು, ಮುಖಕ್ಕೆ ನಿಲುವಂಗಿ ಅಡ್ಡ ಹಿಡಿಸಿ ನಡೆಸಿಬಿಟ್ಟ. ಲುಗೋಸಿಗೂ ಆತನಿಗೂ ಯಾವ ಹೋಲಿಕೆಯೂ ಇಲ್ಲ. ನನಗೂ ನಗು ಬರುತ್ತದೆ. ಆದರೆ ಗೆಳೆಯನ ಕೊನೆಯ ನಾಲ್ಕು ಚೂರು ಫಿಲ್ಮನ್ನು ಬಿಸಾಡಲಾರದೆ ಅದರ ಸುತ್ತ ಇಡೀ ಸಿನಿಮಾ ಕಟ್ಟಿದ ಮನುಷ್ಯನೂ ನನಗೆ ಅಲ್ಲಿ ಕಾಣುತ್ತಾನೆ. ದುಡ್ಡಿಲ್ಲ, ಕಸುಬೂ ಅಷ್ಟಕ್ಕಷ್ಟೆ, ಹಿಂಜರಿಕೆಯಂತೂ ಮೊದಲೇ ಇಲ್ಲ. ಎಲ್ಲ ಇದ್ದೂ ಜೀವವಿಲ್ಲದ ದೊಡ್ಡ ಬಜೆಟ್ಟಿನ ಚಿತ್ರಗಳನ್ನು ಗಂಭೀರವಾಗಿ ವಿಮರ್ಶಿಸುವ ನಾವು, ಇವನ ಮುಂದೆ ಮಾತ್ರ ಯಾಕೆ ಹುಬ್ಬು ಕುಣಿಸುತ್ತೇವೋ ತಿಳಿಯದು.

ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1964ರಲ್ಲೇ ಈ ‘ಕ್ಯಾಂಪ್’ ಅಭಿರುಚಿಯ, ಅಂದರೆ ಅತಿರೇಕವನ್ನೇ ಸವಿಯುವ ಗುಣದ ಬಗ್ಗೆ ಬರೆಯುತ್ತಾ, ಅಪ್ಪಟ ಕ್ಯಾಂಪ್ ಮುಗ್ಧವಾದದ್ದು, ಪೂರ್ತಿ ಗಂಭೀರವಾದದ್ದು ಎಂದಿದ್ದರು. ಆದ್ದರಿಂದಲೇ ಇರಬೇಕು, ‘ನೋಡಿ, ನಾವೆಷ್ಟು ಕೆಟ್ಟದಾಗಿ ತೆಗೆದಿದ್ದೇವೆ’ ಎಂದು ಕಣ್ಣು ಹೊಡೆಯುವ ಇತ್ತೀಚಿನ ಚಿತ್ರಗಳು ನನಗೆ ಹದಿನೈದೇ ನಿಮಿಷಕ್ಕೆ ಆಕಳಿಕೆ ತರಿಸುತ್ತವೆ.

ಒರಟಾಗಿ ತೆಗೆದದ್ದೆಲ್ಲ ರತ್ನ ಎಂದು ನಾನು ಹೇಳುತ್ತಿಲ್ಲ; ಬೋರು ಹೊಡೆಸುವ ಸಿನಿಮಾ ಬೋರೇ. ಚಿತ್ರಮಂದಿರದಲ್ಲಿ ಗದ್ದಲ ಮಾಡಬಾರದೆಂದೂ ಅಲ್ಲ. ‘ದಿ ರಾಕಿ ಹಾರರ್ ಪಿಕ್ಚರ್ ಶೋ’ 1975ರಲ್ಲಿ ತೆರೆಗೆ ಬಂದಾಗ ಸೋತಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿ ಪ್ರದರ್ಶನ ಶುರುವಾದ ಮೇಲೆ ಜನ ಪಾತ್ರಗಳಂತೆಯೇ ವೇಷ ಹಾಕಿಕೊಂಡು ಬಂದರು, ತೆರೆಯತ್ತ ಕೂಗಿ ಮಾತಾಡಿದರು. ಕೂಗಿದವರಿಗೆ ಸಂಭಾಷಣೆಯೆಲ್ಲ ಬಾಯಿಪಾಠವಾಗಿತ್ತು. ಪ್ರೀತಿ ಇಲ್ಲದವರು ಅಷ್ಟು ಶ್ರಮ ಪಡುವುದುಂಟೇ?

ಮುಂದಿನ ಸಲ ಇಂಥ ಪಟ್ಟಿ ಮಾಡುವಾಗ ‘ಗೇಲಿ’ಯ ಶೀರ್ಷಿಕೆ ತೆಗೆದು ಬರೀ ಸಿನಿಮಾಗಳ ಹೆಸರು ಕೊಡಿ. ಅದರಲ್ಲಿ 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಕೂಡ ಇರಲಿ. ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಕಾದಾಡುವ ಕೆಲವೇ ನಿಮಿಷಗಳ ದೃಶ್ಯಕ್ಕೆ ರೇ ಹ್ಯಾರಿಹೌಸನ್ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರ ತೆಗೆಯುತ್ತಾ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೂತಿದ್ದರು.

ಇತಿ,
ನಿಮ್ಮ ಪತ್ರಿಕೆಯ ಓದುಗ